ಪೀಪಾಯಿಯ ಮೇಲೆ ಸೀಮೆಸುಣ್ಣದ ಗೆರೆ

ಎಲ್ ಪೊರ್ವೆನಿರ್
ಏಪ್ರಿಲ್ 2

ಕ್ರಿಸ್ಪಿನ್,

ಇನ್ನು ಮೇಲೆ ಫೋನ್ ಮಾಡಬೇಡ.

ಸಂತ ಜೋಸೆಫರ ಹಬ್ಬದ ದಿನ ನೀನು ಮಾಡಿದಾಗ ನಾನು ಹಿಟ್ಟು ನಾದುತ್ತಿದ್ದೆ. ಕೋಣೆ ಕೇಳಲು ಯಾರೋ ಅತಿಥಿಗಳು ಮಾಡಿರಬೇಕೆಂದು ಹಿಟ್ಟಿನ ಕೈಯಲ್ಲೇ ಎತ್ತಿದೆ. "ಅತ್ತಿಗೇ..." ಎಂದೆ ನೀನು. ನಾನು ತಿರುಗಿ ನೋಡಿದ್ದು ಬಾಗಿಲ ಕಡೆಗೆ. ಅಣ್ಣತಮ್ಮಂದಿರದು ಒಂದೇ ಗಂಟಲು ಎಂದು ಇಷ್ಟು ವರ್ಷ ನಾನೇ ತಮಾಷೆ ಮಾಡಿದ್ದೇನೆ. ಹಿತ್ತಲಿನಿಂದ ಕಾಫಿ ಕೇಳಿದವರು ಯಾರೆಂದು ತಿಳಿಯದೆ ಇಬ್ಬರಿಗೂ ಕಾಸಿದ್ದೇನೆ. ನಿನ್ನ ಅಣ್ಣ ಹೋಗಿ ಎರಡು ತಿಂಗಳಾದ ಮೇಲೆ ಆ ಗಂಟಲು ಫೋನಿನಲ್ಲಿ ಮಾತಾಡಿದರೆ ನಾನು ಏನು ಮಾಡಬೇಕು?

ಹೇಳುವುದಿದ್ದರೆ ಬರೆ. ನೀರಿನ ಲಾರಿಯ ನಾಬೊರ್ ಪ್ರತಿ ವಾರ ಎನ್ಸೆನಾದಾದಲ್ಲಿರುವ ಅವನ ತಂಗಿಯ ಮನೆಗೆ ಬರುತ್ತಾನಲ್ಲ, ಅವನ ಕೈಲಿ ಕೊಟ್ಟುಬಿಡು.

ನೀನು ಮಣ್ಣಿಗೆ ಬರಲಿಲ್ಲ. ಪಾದ್ರಿ ಪ್ರಾರ್ಥನೆ ಹೇಳುತ್ತಿದ್ದಾಗ ರಸ್ತೆಯಲ್ಲಿ ಯಾವನೋ ಲಾರಿಯವನು ಹಾರ್ನ್ ಒತ್ತಿ ಹಿಡಿದಿದ್ದ. ನನಗೆ ಆ ದಿನದ್ದು ನೆನಪಿರುವುದು ಅದೊಂದೇ. ಬಾರದೇ ಇದ್ದದ್ದಕ್ಕೆ ಕಾರಣ ನಾನು ಕೇಳುವುದಿಲ್ಲ, ನೀನೂ ಬರೆಯಬೇಡ.

ನನಗೆ ತಿಳಿಯಬೇಕಾದದ್ದು ಒಂದು ವಿಷಯ. ಹಸಿ ಇಟ್ಟಿಗೆಯ ಕೋಣೆಯಲ್ಲಿ ನಿನ್ನ ಅಣ್ಣನ ಕೊನೆಯ ಪೀಪಾಯಿ ಇದೆ. ನಿಮ್ಮ ಅಜ್ಜ ನೆಟ್ಟ ಇಳಿಜಾರಿನ ಬಳ್ಳಿಗಳದ್ದು, ಹೋದ ಸುಗ್ಗಿಯದ್ದು. ತೀರಿಕೊಂಡ ದಿನ ಬೆಳಿಗ್ಗೆ ಅದರ ಬಿರಡೆ ಬಡಿದು ಬಂದು, "ಬೇಸಿಗೆ ಮುಗಿಯೋವರೆಗೂ ಇದನ್ನ ಯಾರೂ ಮುಟ್ಟಬಾರದು, ವಿಹೆಸ್" ಎಂದರು. ಹುರುಳಿಕಾಯಿ ಬೀಜದ ಪಲ್ಯ ತಿಂದರು. ಬಳ್ಳಿ ಸವರಲು ಹೋದರು. ಊಟಕ್ಕೆ ಬರಲಿಲ್ಲ. ಅಂದಿನಿಂದ ಆ ಪೀಪಾಯಿಯ ಹತ್ತಿರ ನಾನು ಯಾರನ್ನೂ ಬಿಟ್ಟಿಲ್ಲ.

ಮೆಹಿಕಾಲಿಯ ಹಲ್ಲಿನ ಡಾಕ್ಟರು ಲಿಕೋನಾ, ಅವರ ಹೆಂಡತಿ, ಸ್ನೇಹಿತರು ಎಂದಿನಂತೆ ಜುಲೈ ಕೊನೆಯಲ್ಲಿ ಎರಡು ದಿನ ಉಳಿದು ಉಂಡು ಹೋಗಲು ಬರುತ್ತಾರಂತೆ. ಹೋದ ಸಲ ನಿನ್ನ ಅಣ್ಣ ಅವರಿಗೆ ಇದೇ ಬಳ್ಳಿಗಳ ಹಿಂದಿನ ಸುಗ್ಗಿಯ ಪೀಪಾಯಿಯಿಂದ ಒಂದೊಂದು ಗುಟುಕು ಕೊಟ್ಟಿದ್ದರು. ಈ ಸಲವೂ ಅದೇ ಬಳ್ಳಿಗಳ ವೈನ್ ಬೇಕು ಎಂದಿದ್ದಾರೆ. ಜುಲೈ ಕೊನೆಗೆ ತೆಗೆಯಬಹುದೋ ಇಲ್ಲವೋ? ಅಷ್ಟಕ್ಕೆ ಉತ್ತರ ಬರೆ.

ಎದುವಿಹೆಸ್

---

ಎನ್ಸೆನಾದಾ
ಏಪ್ರಿಲ್ 9

ಅತ್ತಿಗೆ,

ಕಾಗದ ಬರೆದು ರೂಢಿಯಿಲ್ಲ. ತಪ್ಪಿದ್ದರೆ ನಾಬೊರನನ್ನು ಬೈಯಿರಿ, ಪಕ್ಕದಲ್ಲಿ ಕೂತು ಬೇಗ ಬೇಗ ಎಂದು ಪ್ರಾಣ ತಿನ್ನುತ್ತಿದ್ದಾನೆ.

ಪೀಪಾಯಿಯ ವಿಷಯ ಓದಿದ ಕೂಡಲೇ ಬರೆಯಲು ಕೂತೆ. ಯಾರೂ ಮುಟ್ಟಬಾರದು ಎಂದರೆ ಕುಡಿಯಬಾರದು ಎಂದು. ಅಣ್ಣ ತಾನು ಮುಟ್ಟುವುದಿಲ್ಲ ಎಂದು ಹೇಳಿದ್ದಲ್ಲ. ಮರ ಉಸಿರಾಡುತ್ತದೆ, ಅತ್ತಿಗೆ. ವೈನ್ ದಿನಾ ಸ್ವಲ್ಪ ಸ್ವಲ್ಪ ಆರಿ ಹೋಗುತ್ತದೆ. ಆರಿದ ಜಾಗದಲ್ಲಿ ಗಾಳಿ ಕೂರುತ್ತದೆ. ಗಾಳಿ ಕೂತರೆ ಹುಳಿ. ಅದಕ್ಕೇ ಅವನು ಎರಡು ಮೂರು ವಾರಕ್ಕೊಮ್ಮೆ ಬಿರಡೆ ತೆಗೆದು ಕಂಠದವರೆಗೆ ತುಂಬಿಸುತ್ತಿದ್ದ. ನೀವು ಅಡುಗೆಮನೆಯಲ್ಲಿರುತ್ತಿದ್ದಿರಿ, ಕಾಣಲಿಲ್ಲ.

ಈಗ ತೆಗೆಯಬೇಡಿ. ಮೊದಲು ಹೀಗೆ ಮಾಡಿ. ಪೀಪಾಯಿಯ ದುಂಡು ಮುಖದ ಮೇಲೆ ಬೆರಳ ಗಂಟಿನಿಂದ ಮೇಲಿನಿಂದ ಕೆಳಕ್ಕೆ ಕುಟ್ಟುತ್ತಾ ಬನ್ನಿ. ಖಾಲಿ ಇರುವಲ್ಲಿ ಡೋಲಿನ ಹಾಗೆ ಕೇಳಿಸುತ್ತದೆ. ವೈನ್ ಇರುವಲ್ಲಿ ಶಬ್ದ ಸತ್ತುಹೋಗುತ್ತದೆ. ಆ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಬಿರಡೆಯ ಸುತ್ತ ಮೂಸಿ ನೋಡಿ. ಸಣ್ಣ ನೊಣ ಇವೆಯೋ ನೋಡಿ.

ಬೇರೆ ಏನನ್ನೂ ಬರೆಯಬೇಡ ಎಂದಿದ್ದೀರಿ. ಬರೆಯುವುದಿಲ್ಲ.

ಕ್ರಿಸ್ಪಿನ್

---

ಎಲ್ ಪೊರ್ವೆನಿರ್
ಏಪ್ರಿಲ್ 17

ಕ್ರಿಸ್ಪಿನ್,

ಕುಟ್ಟಿ ನೋಡಿದೆ. ಮೊದಲು ಏನೂ ತಿಳಿಯಲಿಲ್ಲ. ಸೌದೆ ಒಲೆಯನ್ನು ಆರಿಸಿ, ಕೋಳಿಗಳನ್ನು ದೂರ ಅಟ್ಟಿ, ಮತ್ತೆ ಹೋಗಿ ಕಿವಿ ಇಟ್ಟೆ. ಆಗ ಕೇಳಿಸಿತು. ನಾಲ್ಕು ಬೆರಳಿನಷ್ಟು ಡೋಲು. ಅದರ ಕೆಳಗೆ ಶಬ್ದವಿಲ್ಲ. ಗೆರೆ ಎಳೆದಿದ್ದೇನೆ.

ಬಿರಡೆಗೆ ಅವರು ತಮ್ಮ ಹಳೆಯ ಚೌಕುಳಿ ಅಂಗಿಯ ಪಟ್ಟಿ ಸುತ್ತಿ ಬಡಿದಿದ್ದಾರೆ. ನೀಲಿ ಅಂಗಿ. ಅದನ್ನು ಚಿಂದಿಗೆ ಹಾಕಿದ್ದವಳು ನಾನೇ. ವಾಸನೆ ವೈನಿನದೇ ಇದೆ. ನೊಣ ಒಂದು ಇತ್ತು. ಒಂದೇ.

ಮುಚ್ಚಿಟ್ಟರೆ ಉಳಿಯುತ್ತದೆ ಎಂದುಕೊಂಡಿದ್ದೆ. ಅಡುಗೆಯಲ್ಲಿ ಹಾಗೆಯೇ ಅಲ್ಲವೇ. ಜಾಡಿಯ ಬಾಯಿ ಕಟ್ಟಿದರೆ ಉಪ್ಪಿನಲ್ಲಿ ಹಾಕಿದ ಆಲಿವ್ ಕಾಯಿ ವರ್ಷ ಇರುತ್ತದೆ.

ಈ ವಾರ ಗ್ವಾದಲಹಾರದಿಂದ ಗಂಡ ಹೆಂಡತಿ ಬಂದಿದ್ದರು. "ಯಜಮಾನರು ಕಾಣಿಸ್ತಿಲ್ಲವಲ್ಲ?" ಎಂದು ಕೇಳಿದರು. "ಬಳ್ಳಿ ಹತ್ರ ಇದಾರೆ" ಎಂದೆ. ಕೋಣೆ ಬಾಡಿಗೆಗೆ ಬಂದವರಿಗೆ ಎಲ್ಲವನ್ನೂ ಹೇಳಬೇಕೆಂದಿಲ್ಲ.

ಏನು ತುಂಬಿಸಬೇಕು ಹೇಳು. ಪಕ್ಕದ ತೋಟದವರು ಕೆಂಪು ವೈನ್ ಒಂದು ಕ್ಯಾನ್ ಕೊಡುತ್ತೇನೆ ಎಂದಿದ್ದಾರೆ. ನಾಬೊರ್ ಹೇಳುತ್ತಾನೆ, "ನನ್ ಲಾರಿ ನೀರೇ ಹುಯ್ಯಿ ದೊನ್ಯಾ, ಪಟ್ಟಣದೋರಿಗೆ ಏನು ಗೊತ್ತಾಗುತ್ತೆ, ಲೋಟ ತಿರುಗ್ಸಿ ತಿರುಗ್ಸಿ ಆಹಾ ಅಂತಾರೆ." ಅವನಿಗೆ ಊಟ ಕೊಡದೆ ಕಳಿಸಿದೆ. ಆಮೇಲೆ ಕರೆದು ಕೊಟ್ಟೆ.

ಎದುವಿಹೆಸ್

---

ಎನ್ಸೆನಾದಾ
ಏಪ್ರಿಲ್ 24

ಅತ್ತಿಗೆ,

ಪಕ್ಕದವರದ್ದು ಬೇಡ. ಅವರದು ಬಾವಿ ನೀರು ಕುಡಿದು ಬೆಳೆದ ಹೊಸ ಬಳ್ಳಿ. ನಮ್ಮದು ಮುದುಕ ಬಳ್ಳಿ, ಮೊಣಕಾಲೆತ್ತರ, ಸಮುದ್ರದ ಮಂಜನ್ನು ಕುಡಿದು ಬದುಕಿದ್ದು. ಎರಡನ್ನೂ ಒಂದೇ ಪೀಪಾಯಿಗೆ ಹಾಕಿದರೆ ಅಲ್ಲಿರುವುದು ಅಣ್ಣನ ವೈನ್ ಆಗಿರುವುದಿಲ್ಲ.

ಅದೇ ಇಳಿಜಾರಿನದ್ದು, ಅದೇ ಸುಗ್ಗಿಯದ್ದೇ ಬೇಕು. ಅಂಥದ್ದು ಇರುವುದು ಒಂದೇ ಕಡೆ. ನನ್ನ ಮನೆಯ ಗ್ಯಾರೇಜಿನಲ್ಲಿ, ಎರಡು ದೊಡ್ಡ ಗಾಜಿನ ಬುಡ್ಡಿಗಳಲ್ಲಿ. ನನ್ನ ಪಾಲಿನ ಬಳ್ಳಿಗಳ ಕೊನೆಯ ಹಣ್ಣು, ಟ್ರ್ಯಾಕ್ಟರ್ ಬರುವ ಮೊದಲು ಕೊಯ್ದದ್ದು.

ನೀವು ಒಪ್ಪಿದರೆ ತರುತ್ತೇನೆ. ಬಿಸಿಲು ಏರುವ ಮೊದಲೇ ಆಗಬೇಕು. ಮೇ ತಿಂಗಳ ಒಂದೊಂದು ವಾರವೂ ಆ ಗೆರೆಯನ್ನು ಕೆಳಕ್ಕೆ ಎಳೆಯುತ್ತದೆ.

ಕ್ರಿಸ್ಪಿನ್

---

ಎಲ್ ಪೊರ್ವೆನಿರ್
ಮೇ 3

ಕ್ರಿಸ್ಪಿನ್,

ನಿನ್ನ ಪಾಲಿನ ಬಳ್ಳಿ ಎಂದು ಬರೆದಿದ್ದೀಯ. ಆ ಪಾಲು ಈಗ ಹೇಗಿದೆ ಗೊತ್ತೇ? ಕೊಂಡವರು ಪ್ರವಾಸಿಗರಿಗೆ ಗಾಜಿನ ಕೋಣೆಗಳನ್ನು ಕಟ್ಟುತ್ತಿದ್ದಾರೆ, ನಾಲ್ಕು ಎದ್ದಿವೆ. ಸ್ನಾನದ ತೊಟ್ಟಿಯಲ್ಲಿ ಮಲಗಿ ನಮ್ಮ ಇಳಿಜಾರನ್ನು ನೋಡಬಹುದಂತೆ. ಕೆಲಸದವರು ನನ್ನ ಹತ್ತಿರ ನೀರು ಕೇಳಲು ಬಂದಾಗ ಹೇಳಿದರು.

ನೀನು ಮಾರಿದೆ ಎಂದು ನಿನ್ನ ಅಣ್ಣನಿಗೆ ತಿಳಿದದ್ದು ಟ್ರ್ಯಾಕ್ಟರ್ ಶಬ್ದದಿಂದ. ಬೇಲಿಯ ಹತ್ತಿರ ನಿಂತೇ ಇದ್ದರು. ಅಜ್ಜ ನೆಟ್ಟ ಬೇರು, ಮನುಷ್ಯನ ತೊಡೆಯಷ್ಟು ದಪ್ಪ, ಒಂದೊಂದೇ ಮೇಲೆ ಬಂತು. ಒಳಗೆ ಬಂದು ಮೇಜಿನ ಮುಂದೆ ಕೂತು, "ನಂಗೆ ತಮ್ಮ ಇಲ್ಲ" ಎಂದರು. ಅದಾದ ಮೇಲೆ ನಿನ್ನ ಹೆಸರು ಈ ಮನೆಯಲ್ಲಿ ಬಂದಿಲ್ಲ. ಎರಡು ತಿಂಗಳಿಗೆ ಅವರೂ ಇಲ್ಲ. ಅವರ ಎದೆಯಲ್ಲಿ ಏನು ಒಡೆಯಿತೆಂದು ಡಾಕ್ಟರು ಹೇಳಿದರೋ ಅದರ ಹೆಸರು ನನಗೆ ಬೇಡ. ಅದು ಒಡೆದದ್ದು ಯಾವಾಗ ಎಂದು ನನಗೆ ಗೊತ್ತು.

ಆ ಕೈಯ ವೈನ್ ಈ ಪೀಪಾಯಿಗೆ ಬೀಳುವುದು ಬೇಡ. ಹುಳಿಯಾಗುವುದಾದರೆ ಆಗಲಿ. ಅವರದ್ದೇ ಹುಳಿ.

ಎದುವಿಹೆಸ್

---

ಎನ್ಸೆನಾದಾ
ಮೇ 10

ಅತ್ತಿಗೆ,

ಸರಿ. ನೀವು ಬರೆದಿರಿ, ನಾನೂ ಬರೆಯುತ್ತೇನೆ.

ನನ್ನ ಬಾವಿ ಉಪ್ಪಾದ ವರ್ಷ ನಿಮಗೆ ನೆನಪಿರಬೇಕು. ಎಲೆಯ ಅಂಚು ಸುಟ್ಟು ತಂಬಾಕಿನ ಹಾಗೆ ಪುಡಿಯಾಗುತ್ತಿತ್ತು. ಮಂಜೂ ಬರದ ಬೇಸಿಗೆ. ನಿಮ್ಮ ಬಾವಿ ಸಿಹಿಯಾಗಿತ್ತು. ಅಣ್ಣನನ್ನು ಹೋಗಿ ಕೇಳಿದೆ, ಒಂದು ಪೈಪು ಎಳೆದುಕೊಳ್ಳುತ್ತೇನೆ, ಒಂದು ಬೇಸಿಗೆ ಮಾತ್ರ ಎಂದು. ಎರಡು ಸಲ ನೀರು ಹಾಯಿಸಿದ್ದರೂ ಸಾಕಿತ್ತು. ಅವನು ನೋಡೋಣ ಎಂದ. ಎರಡನೇ ಸಲ ಹೋದಾಗ ಹೇಳಿದ: "ನಂದೇನೂ ಅಡ್ಡಿ ಇಲ್ಲ ಕಣೋ. ವಿಹೆಸ್ ಒಪ್ತಾ ಇಲ್ಲ. ಅತಿಥಿಗಳ ಸ್ನಾನಕ್ಕೇ ಸಾಲಲ್ಲ, ನಿನ್ ತಮ್ಮನ ಬಳ್ಳಿಗೆ ಎಲ್ಲಿಂದ ಅಂತಾಳೆ."

ನಿಮ್ಮನ್ನು ಕೇಳಲು ಅಡುಗೆಮನೆಯ ಬಾಗಿಲವರೆಗೆ ಬಂದೆ. ನೀವು ಯಾರಿಗೋ ಕವುಜು ಹಕ್ಕಿ ಸುಡುತ್ತಿದ್ದಿರಿ, ನಗುತ್ತಿದ್ದಿರಿ. ವಾಪಸು ಹೋದೆ. ನೀವು ಹಾಗೆ ಹೇಳಿದ್ದೀರೆಂದ ಮೇಲೆ ಮತ್ತೆ ಕೇಳುವುದು ನನಗಾಗಲಿಲ್ಲ. ನಮ್ಮ ಅಮ್ಮ ಹೋದ ಮೇಲೆ ನನಗೆ ಊಟ ಹಾಕಿದವರು ನೀವು.

ಸಾಯುತ್ತಿದ್ದ ಬಳ್ಳಿಗಳನ್ನು ಮಾರಿದೆ. ಜೀವ ಇದ್ದವನ್ನಲ್ಲ.

ಕ್ರಿಸ್ಪಿನ್

---

ಎಲ್ ಪೊರ್ವೆನಿರ್
ಜೂನ್ 18

ಕ್ರಿಸ್ಪಿನ್,

ನನ್ನನ್ನು ಯಾರೂ ಕೇಳಲಿಲ್ಲ.

ಇಷ್ಟು ಬರೆಯಲು ಇಷ್ಟು ದಿನ ಬೇಕಾಯಿತು. ನಾಬೊರ್ ಪ್ರತಿ ವಾರ ಬಂದು "ಕಾಗದ ಇದೆಯಾ ದೊನ್ಯಾ?" ಎನ್ನುತ್ತಿದ್ದ. ಇಲ್ಲ ಎನ್ನುತ್ತಿದ್ದೆ. ಕೊನೆಗೆ ಅವನೇ, "ಆ ಕಡೆ ಅವ್ನೂ ಬಾಗಿಲಲ್ಲೇ ನಿಂತಿರ್ತಾನೆ. ನೀರು ತರೋದು ಬಿಟ್ಟು ಮೌನ ತರೋ ಕೆಲ್ಸ ಆಗಿದೆ ನಂದು" ಎಂದ.

ಆ ಬೇಸಿಗೆ ಅತಿಥಿಗಳಿಗೆ ಶವರ್ ಮುಚ್ಚಿಸಿ ಬಕೆಟ್ಟಿನಲ್ಲಿ ನೀರು ಕೊಟ್ಟವಳು ನಾನು. ಆ ನೀರನ್ನು ನಿನ್ನ ಬಳ್ಳಿಗೆ ಬೇಡ ಎನ್ನುತ್ತಿದ್ದೆನೇ? ನೀನು ಬಂದು ಹೋದ ಸಂಜೆಯೂ ನನಗೆ ನೆನಪಿದೆ. ನಿನ್ನ ಅಣ್ಣ ನಲ್ಲಿಯ ಕೆಳಗೆ ಕೈ ತೊಳೆಯುತ್ತಲೇ ನಿಂತಿದ್ದರು. "ಯಾರು ಬಂದಿದ್ರು?" ಎಂದೆ. "ಕ್ರಿಸ್ಪಿನ್. ಸುಮ್ನೆ ಬಂದಿದ್ದ" ಎಂದರು. ನೀರು ಪೋಲಾಗುತ್ತಿದೆ ಎಂದು ನಾನು ನಲ್ಲಿ ತಿರುಗಿಸಿದೆ.

ಭಯ ಇದ್ದಿರಬೇಕು ಅವರಿಗೆ. ತಮ್ಮ ಬಾವಿಯೂ ಉಪ್ಪಾದೀತು ಎಂದು. ಅದನ್ನು ಹೇಳಬಹುದಿತ್ತು. ನನ್ನ ಬಾಯಲ್ಲಿ ಇಟ್ಟದ್ದು ಯಾಕೆ? ದಿನಾ ಬೆಳಿಗ್ಗೆ ಸಮಾಧಿಗೆ ಹೋಗಿ ಇದನ್ನೇ ಕೇಳುತ್ತಿದ್ದೇನೆ. ಸತ್ತವರ ಜೊತೆ ಜಗಳ ಆಡುವುದು ಕಷ್ಟ. ಬದುಕಿದ್ದಾಗ ಅವರು ಕೋಪ ಬಂದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ಈಗ ಎಲ್ಲಿಗೂ ಹೋಗುವುದಿಲ್ಲ. ಕೇಳಿಸಿಕೊಳ್ಳುತ್ತಲೇ ಇರುತ್ತಾರೆ.

ನಿನ್ನೆ ಮತ್ತೆ ಕುಟ್ಟಿದೆ. ಗೆರೆ ಎರಡು ಬೆರಳು ಇಳಿದಿದೆ. ನೊಣಗಳು ಬಂದಿವೆ. ಬಿರಡೆಯ ಹತ್ತಿರ ಮೂಸಿದರೆ ಮೂಗಿನ ತುದಿಗೆ ಸೂಜಿ ತಾಗಿದ ಹಾಗೆ. ಮೊದಲು ನಿನ್ನ ಮೇಲಿನ ಸಿಟ್ಟಿಗೆ ಕೆಡಲಿ ಎಂದಿದ್ದೆ. ಈಗ ಅವರ ಮೇಲಿನ ಸಿಟ್ಟಿಗೆ ಕೆಡಲಿ ಎನ್ನಿಸುತ್ತಿದೆ.

ಲಿಕೋನಾ ಡಾಕ್ಟರ ಹೆಂಡತಿ ಓಫೇಲಿಯಾ ಫೋನ್ ಮಾಡಿದ್ದರು. "ಖರ್ಜೂರ ತರ್ತಾ ಇದೀನಿ ಅಂತ ದೊನ್ ಆನ್ಸೆಲ್ಮೊಗೆ ಹೇಳಿ" ಎಂದರು. ಹೇಳುತ್ತೇನೆ ಎಂದೆ. ಅವರಿಗೆ ಗೊತ್ತಿಲ್ಲ, ಕ್ರಿಸ್ಪಿನ್. ಅವರು ನಿನ್ನ ಅಣ್ಣನನ್ನು ನೋಡಲು ಬರುತ್ತಿದ್ದಾರೆ.

ಎದುವಿಹೆಸ್

---

ಎನ್ಸೆನಾದಾ
ಸಂತ ಯೋಹಾನರ ಹಬ್ಬ, ಜೂನ್ 24

ಅತ್ತಿಗೆ,

ನಿಮ್ಮ ಕಾಗದ ಓದಿ ಗ್ಯಾರೇಜಿಗೆ ಹೋಗಿ ಕೂತಿದ್ದೆ. ಎರಡು ವರ್ಷ ನಿಮ್ಮ ಮೇಲೆ ಕೋಪ ಇಟ್ಟುಕೊಂಡಿದ್ದೆ. ಅದನ್ನು ಈಗ ಎಲ್ಲಿ ಇಡಲಿ?

ಅವನ ಮೇಲೆ ಸಿಟ್ಟು ಮಾಡಿಕೊಳ್ಳಿ. ನಾನೂ ಮಾಡಿಕೊಂಡಿದ್ದೇನೆ. ಆದರೆ ವೈನಿಗೆ ಶಿಕ್ಷೆ ಬೇಡ.

ಒಂದು ವಿಷಯ ಯಾರಿಗೂ ಹೇಳಿಲ್ಲ. ಹೋದ ಸುಗ್ಗಿಯಲ್ಲಿ ನಾನು ನನ್ನ ಕೊನೆಯ ಹಣ್ಣು ಕೊಯ್ಯುತ್ತಿದ್ದ ದಿನ, ಮಾರಿದ್ದೇನೆಂದು ಇನ್ನೂ ಯಾರಿಗೂ ಗೊತ್ತಿಲ್ಲದ ದಿನ, ಅಣ್ಣ ಕತ್ತರಿ ಹಿಡಿದು ಬೇಲಿ ದಾಟಿ ಬಂದ. ಕೇಳಲಿಲ್ಲ, ಹೇಳಲಿಲ್ಲ. ಪಕ್ಕದ ಸಾಲು ಹಿಡಿದು ಕೊಯ್ಯತೊಡಗಿದ. ಬುಟ್ಟಿ ತುಂಬಿದರೆ ತಂದು ನನ್ನ ಕಾಲ ಬಳಿ ಇಡುವುದು, ಖಾಲಿ ಬುಟ್ಟಿ ಎತ್ತಿಕೊಂಡು ಹೋಗುವುದು. ಒಣಗಿದ ಬಳ್ಳಿ ಬಂದಲ್ಲಿ ಸ್ವಲ್ಪ ಹೊತ್ತು ಅದರ ಮೇಲೆ ಕೈ ಇಟ್ಟು ನಿಲ್ಲುತ್ತಿದ್ದ. ಬಿಸಿಲು ನೆತ್ತಿಗೆ ಬಂದಾಗ ಸಾಲು ಮುಗಿಯಿತು. ಟೋಪಿ ಒದರಿಕೊಂಡು ಹೋದ. ಅಂದು ಬಾಯಿಬಿಟ್ಟು ಮಾರಿದ್ದೇನೆಂದು ಹೇಳಬೇಕಿತ್ತು. ನಾನೂ ಬಾಯಿ ಬಿಡಲಿಲ್ಲ.

ನನ್ನ ಬುಡ್ಡಿಗಳಲ್ಲಿರುವುದರಲ್ಲಿ ಅರ್ಧ ಅವನು ಕೊಯ್ದದ್ದು. ಈ ಕೈಯದ್ದು ಬೇಡ ಎನ್ನುವುದಾದರೆ, ಆ ಕೈಯದ್ದೂ ಅದರಲ್ಲಿದೆ.

ಇನ್ನೂ ಸಮಯವಿದೆ. ಬಿರಡೆಯನ್ನು ಅವನು ಗಟ್ಟಿ ಬಡಿದಿದ್ದಾನೆ, ಅದರಿಂದ ಇಷ್ಟಾದರೂ ಉಳಿದಿದೆ. ಜುಲೈ ನಡುವಿನವರೆಗೆ ಮಾತ್ರ. ಆಮೇಲೆ ನಾನಿರಲಿ, ಯಾರು ಬಂದರೂ ಆಗುವುದಿಲ್ಲ.

ಕ್ರಿಸ್ಪಿನ್

---

ಎಲ್ ಪೊರ್ವೆನಿರ್
ಜುಲೈ 5

ಕ್ರಿಸ್ಪಿನ್,

ಬುಧವಾರ ಬಾ. ಅತಿಥಿಗಳು ಇರುವುದಿಲ್ಲ. ನಾಬೊರನ ಲಾರಿಯಲ್ಲೇ ಬಾ, ಬುಡ್ಡಿ ಒಡೆಯದ ಹಾಗೆ ಒಣಹುಲ್ಲು ಹಾಸಿಸು.

ಒಂದು ಮಾತಿದೆ. ಈ ಮನೆಯೊಳಗೆ ನೀನು ಬಾಯಿ ತೆರೆಯಬಾರದು. ಒಂದು ಶಬ್ದವೂ. ನಿನ್ನ ಮೇಲಿನ ಕೋಪದಿಂದ ಹೇಳುತ್ತಿಲ್ಲ. ಆ ಗಂಟಲು ಕೇಳಲು ನನ್ನಿಂದ ಆಗುವುದಿಲ್ಲ.

ಎದುವಿಹೆಸ್

---

ಎಲ್ ಪೊರ್ವೆನಿರ್
ಜುಲೈ 13

ಕ್ರಿಸ್ಪಿನ್,

ನೀನು ಮಾತು ಉಳಿಸಿಕೊಂಡೆ. ಅಂಗಳಕ್ಕೆ ಇಳಿದು ಟೋಪಿ ತೆಗೆದು ನಿಂತೆ. ಕೂದಲು ಇಷ್ಟು ಹಣ್ಣಾಗಿದೆ ಎಂದು ನನಗೆ ಗೊತ್ತಿರಲಿಲ್ಲ.

ನೀನು ಬುಡ್ಡಿ ಹೊತ್ತು ಕೋಣೆಗೆ ಹೋದಾಗ ನಾಬೊರ್ ನನ್ನ ಹತ್ತಿರ ಬಂದು, "ಏನ್ ದೊನ್ಯಾ ಇದು, ಮೂಗರ ಮದ್ವೆ ಆಯ್ತಲ್ಲ. ಹಾದಿ ಉದ್ದಕ್ಕೂ ವಟವಟ ಅಂತಿದ್ದೋನು, ಗೇಟ್ ದಾಟ್ತಿದ್ದಂಗೆ ಹಲ್ಲು ಕಚ್ಕೊಂಡ" ಎಂದ. ಮತ್ತೆ ಅವನೇ ನಗುವುದನ್ನು ನಿಲ್ಲಿಸಿ ಹೇಳಿದ: "ಆವತ್ತು ಹಾರ್ನ್ ಹೊಡ್ದಿದ್ದು ನನ್ ಲಾರಿದೇ. ಸ್ಮಶಾನದ ಗೋಡೆ ಆಚೆ ನಿಲ್ಸಿದ್ದೆ. ನಿಮ್ ಮೈದುನ ಸ್ಟೀರಿಂಗ್ ಮೇಲೆ ತಲೆ ಇಟ್ಟು ಅಳ್ತಿದ್ದ. ಹಾರ್ನ್ ಒತ್ಕೊಂಡಿದೆ ಅಂತಾನೂ ಅವ್ನಿಗೆ ಗೊತ್ತಾಗ್ಲಿಲ್ಲ. ನಾನೂ ತೆಗೀಲಿಲ್ಲ. ಅಳೋರ ತಲೆ ಹೆಂಗೆ ಎತ್ತೋದು?"

ನಾನು ಆರು ತಿಂಗಳು ಆ ಲಾರಿಯವನನ್ನು ಶಪಿಸಿದ್ದೇನೆ.

ಆಮೇಲೆ ಕೋಣೆಗೆ ಬಂದೆ. ಬಿರಡೆಯನ್ನು ನೀನು ತೆಗೆಯಲು ಹೋಗಿ ನಿಂತೆ, ನನ್ನ ಕಡೆ ನೋಡಿದೆ, ಮರದ ಸುತ್ತಿಗೆ ನನ್ನ ಕೈಗೆ ಕೊಟ್ಟೆ. ಒಂದು ಬದಿಗೆ, ಮತ್ತೊಂದು ಬದಿಗೆ ಬಡಿಯಬೇಕೆಂದು ಕೈಸನ್ನೆಯಲ್ಲಿ ತೋರಿಸಿದೆ. ಅವರು ಬಡಿದದ್ದನ್ನು ನಾನು ಸಡಿಲಿಸಿದೆ. ಒಳಗಿನಿಂದ ಒಂದು ಉಸಿರು ಬಂತು. ಅದು ಕೆಟ್ಟಿತ್ತೋ ಚೆನ್ನಾಗಿತ್ತೋ ನನಗೆ ತಿಳಿಯಲಿಲ್ಲ. ಅದು ಅವರು ಮುಚ್ಚಿಟ್ಟ ಜನವರಿಯ ಗಾಳಿಯಲ್ಲ ಎಂದು ಗೊತ್ತಿತ್ತು, ಆದರೂ ನಿಂತು ಮೂಸಿದೆ.

ನೀನು ಒಂದು ತೊಟ್ಟು ನಾಲಿಗೆಗೆ ಹಾಕಿಕೊಂಡೆ. ನಾನು ನಿನ್ನ ಮುಖವನ್ನೇ ನೋಡುತ್ತಿದ್ದೆ. ನೀನು ಆ ಕಡೆ ತಿರುಗಿಬಿಟ್ಟೆ.

ಏನಿತ್ತು ಅದರಲ್ಲಿ? ಸುಳ್ಳು ಬರೆಯಬೇಡ. ಈ ಮನೆಯ ಗಂಡಸರ ಸುಳ್ಳು ನನಗೆ ಸಾಕಾಗಿದೆ.

ಎದುವಿಹೆಸ್

---

ಎನ್ಸೆನಾದಾ
ಜುಲೈ 17

ಅತ್ತಿಗೆ,

ಅಂಚಿನಲ್ಲಿ ಕಚ್ಚುತ್ತದೆ. ಸುಳ್ಳಿಲ್ಲ. ಒಳಗೆ ಹಣ್ಣು ಇದೆ, ಮಣ್ಣು ಇದೆ, ಉಪ್ಪು ಇದೆ, ಎಲ್ಲ ಅವನು ಬಿಟ್ಟ ಹಾಗೇ ಇದೆ. ಕೊನೆಗೆ ಮಾತ್ರ ನಾಲಿಗೆಯ ಬದಿಗೆ ಸಣ್ಣ ಚುರುಕು. ನನ್ನ ಬುಡ್ಡಿಯದ್ದು ಸೇರಿ ಕಂಠದವರೆಗೆ ತುಂಬಿದೆ. ಎರಡು ವಾರ ಒಂದಾಗಲು ಬಿಡಬೇಕು. ಆ ಚುರುಕು ಅಲ್ಲಿಗೇ ನಿಲ್ಲಬಹುದು. ನಿಲ್ಲದೆಯೂ ಇರಬಹುದು. ಮಾತು ಕೊಡಲಾರೆ. ತಿರುಗಿದ್ದು ಅದಕ್ಕಲ್ಲ. ಅವನ ಕೈರುಚಿ ಬಾಯಿಗೆ ಬಂದಾಗ ಮೂಗನಾಗಿ ನಿಲ್ಲುವುದು ಕಷ್ಟವಾಯಿತು.

ಬಿರಡೆಗೆ ಹೊಸ ಬಟ್ಟೆ ಸುತ್ತುತ್ತೇನೆ ಎಂದು ನಾನು ಚೀಲಕ್ಕೆ ಕೈ ಹಾಕಿದಾಗ ನೀವು ಆ ಹಳೇ ಪಟ್ಟಿಯನ್ನೇ ಹಿಂಡಿ ಸುತ್ತಿದಿರಿ. ಒಳ್ಳೆಯದಾಯಿತು.

ಲಾರಿ ಹತ್ತುವಾಗ ನೀವು ಕೈಗಿಟ್ಟ ಪೊಟ್ಟಣವನ್ನು ನಾಬೊರ್ ಅರ್ಧ ತಿಂದ. ಉಳಿದ ತೊರ್ತಿಯಾ ರೊಟ್ಟಿಗಳನ್ನು ಮನೆಗೆ ತಂದು ಒಬ್ಬನೇ ತಿಂದೆ.

ಒಂದು ಮಾತು. ಆ ಡಾಕ್ಟರ ಮಂದಿಗೆ ಲೋಟ ತುಂಬುವ ಮೊದಲು ಹೇಳಿಬಿಡಿ. ಯಾರ ವೈನ್ ಎಂದು ಗೊತ್ತಿಲ್ಲದೆ ಕುಡಿದರೆ ಅದು ಬರಿಯ ವೈನ್. ಕಚ್ಚಿದರೆ ಮುಖ ಹಿಂಡುತ್ತಾರೆ. ಅದನ್ನು ನೀವು ನೋಡಲಾರಿರಿ.

ಕ್ರಿಸ್ಪಿನ್

---

ಎಲ್ ಪೊರ್ವೆನಿರ್
ಜುಲೈ 31

ಕ್ರಿಸ್ಪಿನ್,

ಅವರು ನಿನ್ನೆ ಸಂಜೆ ಹೋದರು. ಹಾಸಿಗೆ ಬಟ್ಟೆ ಇನ್ನೂ ಹಗ್ಗದ ಮೇಲಿದೆ.

ಮೊದಲ ದಿನ ಹೇಳಲಾಗಲಿಲ್ಲ. ಕಾರಿಳಿದ ಕೂಡಲೇ ಓಫೇಲಿಯಾ ಖರ್ಜೂರದ ಡಬ್ಬಿ ಎತ್ತಿ ಹಿಡಿದು ಅಂಗಳದ ತುಂಬ ಹುಡುಕಿದರು. ನಾನು ಕಪ್ಪೆಚಿಪ್ಪು ಬಿಡಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಕೈಗೆ ಚಾಕು ತಾಗಿತು. ಅವರು ನಿಂಬೆ ಹಿಂಡಿಕೊಂಡು ತಿಂದರು, ಗಾಜಿನ ಕೋಣೆಗಳನ್ನು ನೋಡಿ ಬೈದರು, ಮಲಗಿದರು.

ಎರಡನೇ ದಿನ ಮಧ್ಯಾಹ್ನ ಓಕ್ ಮರದ ಕೆಳಗೆ ಉದ್ದ ಮೇಜು ಹಾಕಿದೆ. ಬೆಳಗಿನಿಂದ ಕೆಂಡದ ಮೇಲೆ ಕುರಿ ಬೆಂದಿತ್ತು. ಹೂಜಿಯನ್ನು ಪೀಪಾಯಿಯಿಂದ ನಾನೇ ತುಂಬಿ ತಂದೆ. ನಿನ್ನ ಅಣ್ಣ ಕೂರುತ್ತಿದ್ದ ತುದಿಯ ಕುರ್ಚಿಯನ್ನು ಒಳಗೆ ಇಟ್ಟುಬಿಡೋಣ ಎಂದು ಎತ್ತಿದ್ದೆ, ಮತ್ತೆ ಅಲ್ಲೇ ಇಟ್ಟೆ. ಡಾಕ್ಟರು ಅದನ್ನು ನೋಡಿ ಜೋರಾಗಿ, "ಎಲ್ಲಮ್ಮಾ ನಿಮ್ ಯಜಮಾನ್ರು? ವೈನ್ ಕೆಟ್ಟೋಯ್ತು ಅಂತ ನಮಗೆ ಹೆದರಿ ಅಡಗಿ ಕೂತಿದಾರಾ?" ಎಂದರು. ಎಲ್ಲರೂ ನಕ್ಕರು.

"ಜನವರೀಲೇ ಹೋಗ್ಬಿಟ್ರು, ಡಾಕ್ಟ್ರೇ" ಎಂದೆ.

ಕೆಂಡದ ಮೇಲೆ ಕೊಬ್ಬು ತೊಟ್ಟಿಕ್ಕುವ ಶಬ್ದ ಕೇಳಿಸುತ್ತಿತ್ತು. ಡಾಕ್ಟರು ಎದ್ದು ನಿಂತರು, ಯಾಕೆ ನಿಂತೆನೆಂದು ತಿಳಿಯದೆ ಮತ್ತೆ ಕೂತರು. ಓಫೇಲಿಯಾ ನನ್ನನ್ನೇ ನೋಡುತ್ತಿದ್ದರು. "ಜೂನಲ್ಲಿ ನಾನು ಫೋನ್ ಮಾಡಿದಾಗ... ಖರ್ಜೂರದ ವಿಷ್ಯ ಅವ್ರಿಗೆ ಹೇಳಿ ಅಂದಿದ್ದೆ. ಹೇಳ್ತೀನಿ ಅಂದ್ರಲ್ಲ ನೀವು."

"ಹೇಳಿದೆ" ಎಂದೆ.

ಹೇಳಿದ್ದೆ, ಕ್ರಿಸ್ಪಿನ್. ಮಾರನೆಯ ಬೆಳಿಗ್ಗೆ ಸಮಾಧಿಯ ಹತ್ತಿರ. ಜಗಳದ ನಡುವೆ ಅದನ್ನೂ ಹೇಳಿದ್ದೆ.

ಓಫೇಲಿಯಾ ಎದ್ದು ಬಂದು ನನ್ನ ಪಕ್ಕ ನಿಂತರು. ಮುಟ್ಟಲಿಲ್ಲ. ಮುಟ್ಟಿದ್ದರೆ ನಾನು ಒಳಗೆ ಓಡುತ್ತಿದ್ದೆ. ನಿನ್ನ ಅಣ್ಣ ಯಾವಾಗಲೂ ಮಾಡುತ್ತಿದ್ದ ಹಾಗೆ ಮೊದಲ ಗುಟುಕನ್ನು ಮರದ ಬುಡಕ್ಕೆ ಚೆಲ್ಲಿದೆ. ಆಮೇಲೆ ಒಬ್ಬೊಬ್ಬರಿಗೂ ಸುರಿದೆ. ಒಂದಿಷ್ಟು ಮೇಜಿನ ಬಟ್ಟೆಯ ಮೇಲೆ ಬಿತ್ತು. ಯಾರೂ ಲೋಟ ತಿರುಗಿಸಲಿಲ್ಲ. ಆಹಾ ಎನ್ನಲಿಲ್ಲ. ಡಾಕ್ಟರು ಕುಡಿದು ಲೋಟ ಕೆಳಗಿಟ್ಟು, "ಕೊನೇಲಿ ಸ್ವಲ್ಪ ಕಚ್ಚುತ್ತೆ" ಎಂದರು. ಹೆಂಡತಿ ಮೊಣಕೈಯಿಂದ ತಿವಿದರು. "ಇಲ್ಲ ಕಣೇ, ಕೆಟ್ಟಿದೆ ಅಂದ್ನಾ? ಅವ್ರೂ ಹಂಗೇ ಅಲ್ವಾ? ಗೇಟ್ ತನಕ ಬಂದು ಕಳ್ಸಿಕೊಡೋರು, ಕೊನೇಲಿ ಒಂದು ಚುಚ್ಚು ಮಾತು ಆಡದೆ ಬಿಟ್ಟಿದಾರಾ ನಮ್ಮನ್ನ?" ಎಂದರು. ನಾನು ನಕ್ಕೆ. ಇಷ್ಟು ತಿಂಗಳಲ್ಲಿ ಮೊದಲ ಸಲ ನಕ್ಕೆ, ಅದು ಅಳುವಾಗಿ ಮುಗಿಯಿತು, ಅದಕ್ಕೇನೂ ತೊಂದರೆಯಾಗಲಿಲ್ಲ.

ಎರಡನೇ ಲೋಟಕ್ಕೆ ಓಫೇಲಿಯಾ ಕೇಳಿದರು, "ಇದು ಪೂರ್ತಿ ಅವರೇ ಮಾಡಿದ್ದಾ?"

ಹೌದು ಎನ್ನಬಹುದಿತ್ತು. ಈ ಮನೆಯಲ್ಲಿ ಅಂಥ ಮಾತು ಸುಲಭವಾಗಿ ಬರುತ್ತದೆ.

"ಇಬ್ರು ಮಾಡಿದ್ದು. ಅಣ್ಣ, ತಮ್ಮ" ಎಂದೆ.

"ತಮ್ಮ ಇದಾರಾ? ಅವರು ಯಾವತ್ತೂ ಹೇಳಲೇ ಇಲ್ಲ."

"ಇದಾನೆ" ಎಂದೆ.

ನಿನ್ನ ಅಣ್ಣನನ್ನು ನಾನು ಇನ್ನೂ ಕ್ಷಮಿಸಿಲ್ಲ. ಬೆಳಿಗ್ಗೆ ಹೋದಾಗ ಅದನ್ನೂ ಹೇಳಿ ಬಂದೆ. ಒಂದು ಲೋಟ ವೈನನ್ನೂ ಸುರಿದು ಬಂದೆ. ಎರಡನ್ನೂ ಮಾಡಬಹುದು ಎಂದು ಕಾಣುತ್ತದೆ.

ಇವತ್ತು ಕುಟ್ಟಿ ನೋಡಿದೆ. ಹೂಜಿಗೆ ತೆಗೆದದ್ದೂ ಸೇರಿ ಮತ್ತೆ ಇಳಿದಿದೆ. ಹೊಸ ಗೆರೆ ಎಳೆದಿದ್ದೇನೆ. ನಿನ್ನ ಹತ್ತಿರ ಇನ್ನೊಂದು ಬುಡ್ಡಿ ಇದೆಯಲ್ಲ. ಬಿಸಿಲು ಇಳಿಯುವವರೆಗೆ ನೀನು ಎರಡು ಮೂರು ವಾರಕ್ಕೊಮ್ಮೆ ಬರಬೇಕಾಗುತ್ತದೆ.

ನಾಬೊರನಿಗೆ ಇನ್ನು ಕಾಗದ ಕೊಡಬೇಡ. ಯಾವತ್ತು ಬರುತ್ತೀಯ ಎಂದು ಫೋನ್ ಮಾಡು. ನಾನೇ ಎತ್ತುತ್ತೇನೆ. ಅತ್ತಿಗೆ ಎಂದು ಕರೆದ ಮೇಲೆ ನನ್ನ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಿಸದಿದ್ದರೆ ಇಟ್ಟುಬಿಡಬೇಡ. ಏನಾದರೂ ಮಾತಾಡುತ್ತಾ ಇರು.

ನಿನ್ನ ಅತ್ತಿಗೆ,
ಎದುವಿಹೆಸ್